ನಿಂತಾಗೋ, ಓಡುವಾಗೋ?

ಹುಲಕೋಟಿ ಇನ್ನೂ ಎರಡು ಮೂರು ಕಿಲೋಮೀಟರ್ ಇತ್ತು. ಏಸಿ ಹಾಕಿಕೊಂಡು ತೊಂಬತ್ತರಲ್ಲಿ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಅವ್ವ, ಅವ್ವನ ಪಕ್ಕ ನನ್ನ ಹೆಂಡತಿ, ಇಬ್ಬರ ನಡುವೆ ಬೆಟಗೇರಿಯ ಮದುವೆಗೆ ಒಯ್ಯುವ ಆಹೇರಿ ಚೀಲ. ಸುಮ್ನೆ ಒಮ್ಮೆ ಮೀಟರಿನ ಕಡೆ ಕಣ್ಣು ಹೋಯಿತು. ಎಂಟು ವರ್ಷದಿಂದ ಅರ್ಧಕ್ಕಿಂತ ಒಂದು ಕೂದಲು ಕೆಳಗೇ ನಿಂತಿರುತ್ತಿದ್ದ ಬಿಸಿಯ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ಕೂತಿತ್ತು.

ಏಸಿ ಬಂದ್ ಮಾಡಿದೆ. ಕಿಟಕಿ ಎಲ್ಲ ಇಳಿಸಿದೆ. ಹೀಟರ್ ಫುಲ್ ಹಾಕಿದೆ. ಫೆಬ್ರವರಿ ಮಧ್ಯಾಹ್ನ, ಹೊರಗೆ 34 ಡಿಗ್ರಿ, ಒಳಗೆ ಮುಖಕ್ಕೆ ಬಿಸಿಗಾಳಿ.

"ಏನ್ ಹುಚ್ ಹಿಡದೈತೇನೋ ನಿನಗ?" ಅಂದಳು ಅವ್ವ.

ಹುಚ್ಚಲ್ಲ. ಕಾರಿನ ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿನೀರೇ ಅದರೊಳಗೆ ಹರಿಯುತ್ತದೆ. ಅದನ್ನು ಹಾಕಿದರೆ ಎಂಜಿನ್ನಿನ ಒಂದಿಷ್ಟು ಕಾವು ನಮ್ಮ ಮೈಮೇಲೆ ಬಂದು ಬೀಳುತ್ತದೆ, ಅಷ್ಟು ಕಾವು ಎಂಜಿನ್ನಿಗೆ ಕಡಿಮೆ. ಐವತ್ತಕ್ಕೆ ಇಳಿಸಿದೆ. ಮುಳ್ಳು ನಿಧಾನಕ್ಕೆ ಕೆಳಗೆ ಬಂತು. ಆ ಗುರುತು ಆಗಲೇ ನನ್ನ ತಲೆಗೆ ಹೊಳೆಯಬೇಕಿತ್ತು. ಗಾಬರಿಯಲ್ಲಿ ಹೊಳೆಯಲಿಲ್ಲ. ಒಂದು ಬೇವಿನ ಮರ ಕಂಡಿತು, ಅದರ ನೆರಳಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ.

ನಮ್ಮ ಕಡೆ ರಸ್ತೆ ಬದಿ ಬಾನೆಟ್ ಎತ್ತಿದರೆ ಐದು ನಿಮಿಷದಲ್ಲಿ ನಾಲ್ಕು ಮಂದಿ ಕೂಡುತ್ತಾರೆ. ಒಬ್ಬ ಟ್ರ್ಯಾಕ್ಟರ್ ನಿಲ್ಲಿಸಿ ಬಂದ. ಹಸಿ ಟವೆಲ್ ಹಿಡಿದುಕೊಂಡು ಸೀದಾ ರೇಡಿಯೇಟರ್ ಕ್ಯಾಪಿಗೆ ಕೈ ಹಾಕಲು ಹೋದ. ಕೈ ಹಿಡಿದು ನಿಲ್ಲಿಸಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಕುಕ್ಕರಿನ ಸೀಟಿ ಹಾರಿಸದೆ ಮುಚ್ಚಳ ತೆಗೆದರೆ ಏನಾಗುತ್ತದೆ ಅಂತ ವರ್ಷಕ್ಕೊಮ್ಮೆ ಹುಡುಗರಿಗೆ ಹೇಳುತ್ತೇನೆ. ರೇಡಿಯೇಟರ್ ಕೂಡ ಕುಕ್ಕರೇ. ನನ್ನ ಕಾರಿನ ಕ್ಯಾಪಿನ ಮೇಲೆ 0.9 ಬಾರ್ ಅಂತ ಒತ್ತಿದೆ. ಅಷ್ಟು ಒತ್ತಡದಲ್ಲಿ ಬರೀ ನೀರೇ ಇದ್ದರೂ 115 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗುತ್ತದೆ, ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಹಸಿ ಟವೆಲ್ ಏನು ಮಾಡೀತು?

ಆಮೇಲೆ ಲಾರಿ ಡ್ರೈವರ್ ಒಬ್ಬ ಬಂದ. ಬಗ್ಗಿ ನೋಡಿ ಕೇಳಿದ, "ಅರಿಶಿಣ ಐತೇನ್ರಿ?"

ರೇಡಿಯೇಟರ್ ಸೋರಿದರೆ ಒಂದು ಮುಷ್ಟಿ ಅರಿಶಿಣ ಪುಡಿ ಹಾಕುವುದು ನಮ್ಮ ಹೆದ್ದಾರಿಗಳ ಹಳೇ ಮದ್ದು. ಪುಡಿ ಉಬ್ಬಿ ಸಣ್ಣ ತೂತಿಗೆ ಹೋಗಿ ಕೂಡುತ್ತದೆ. ತೂತು ಮಾತ್ರ ಅಲ್ಲ, ಒಳಗಿನ ಸಣ್ಣ ಕೊಳವೆಗಳಲ್ಲೂ ಕೂಡುತ್ತದೆ, ಅದು ಬೇರೆ ಮಾತು. ನಮ್ಮ ಗಾಡಿಯಲ್ಲಿ ಅರಿಶಿಣ ಇತ್ತು. ಆಹೇರಿ ಚೀಲದಲ್ಲಿ ಕಾಲು ಕಿಲೋ. ಅವ್ವ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, "ಇದು ಮದುಮಗಳಿಗೆ ಒಯ್ಯೂದು" ಅಂದುಬಿಟ್ಟಳು. ಎಂಜಿನ್ ಕೆಳಗೆ ನೆಲ ಒಣಗಿತ್ತು, ಸೋರಿಕೆಯೇ ಇರಲಿಲ್ಲ. ಅವ್ವನ ಹಟದಿಂದ ಒಳ್ಳೆಯದೇ ಆಯಿತು.

ಮುಕ್ಕಾಲು ತಾಸು ಕಾದೆವು. ಮೇಲಿನ ಹೋಸ್ ಪೈಪು ಕೈಯಲ್ಲಿ ಹಿಡಿದು ಒತ್ತಿದರೆ ಮೆತ್ತಗಾಗುವ ತನಕ ಕ್ಯಾಪ್ ಮುಟ್ಟಲಿಲ್ಲ. ತೆಗೆದಾಗ ನೀರು ನಾಲ್ಕು ಬೆರಳು ಕೆಳಗಿತ್ತು. ಡಿಕ್ಕಿಯಲ್ಲಿ ಯಾವಾಗಲೂ ಇರುವ ಐದು ಲೀಟರ್ ಕ್ಯಾನಿನಿಂದ ತುಂಬಿಸಿದೆ. ಆ ಕ್ಯಾನಿನ ಕಥೆ ಮುಂದೆ ಬರುತ್ತದೆ. ಐವತ್ತು ದಾಟದೆ ಬೆಟಗೇರಿ ಮುಟ್ಟಿದಾಗ ಅಕ್ಕಿಕಾಳು ಬಿದ್ದಾಗಿತ್ತು. ಊಟ ಸಿಕ್ಕಿತು.

ಹುಬ್ಬಳ್ಳಿಗೆ ಬಂದು ಒಂದು ಗ್ಯಾರೇಜಿಗೆ ಬಿಟ್ಟೆ. ಅಲ್ಲಿಯ ಹುಡುಗ ನಾನು ಮಾತು ಮುಗಿಸುವ ಮೊದಲೇ ಕೆಲಸ ಶುರು ಮಾಡಿದ. ಸಂಜೆಗೆ ಗಾಡಿ ತಯಾರು. ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಬಾಗಿಲು, ಅದನ್ನೇ ತೆಗೆದು ಬಿಸಾಕಿದ್ದ. "ನಮ್ಮ ಬಿಸಲಿಗೆ ಅದು ಬ್ಯಾಡ್ರಿ ಸರ್, ಅದು ಫಾರಿನ್‌ದವರಿಗೆ." ಫ್ಯಾನನ್ನು ಡೈರೆಕ್ಟ್ ಮಾಡಿದ್ದ, ಅಂದರೆ ಚಾವಿ ತಿರುವಿದರೆ ಸಾಕು, ಎಂಜಿನ್ ತಣ್ಣಗಿರಲಿ ಬಿಸಿ ಇರಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ. 1,400 ರೂಪಾಯಿ ಕೊಟ್ಟೆ. ಮುಳ್ಳು ಕೆಳಗಿತ್ತು. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರು ವಾರಕ್ಕೆ ಎಂಜಿನ್ ಚೆಕ್ ಲೈಟ್ ಹತ್ತಿತು. ಸಹೋದ್ಯೋಗಿಯೊಬ್ಬರ ಬಳಿ ಮೊಬೈಲಿಗೆ ಜೋಡಿಸುವ ಸ್ಕ್ಯಾನರ್ ಇತ್ತು. ಹಚ್ಚಿ ನೋಡಿದರೆ ಪಿ0128 ಅಂತ ಕೋಡ್. ಅದರ ಅರ್ಥ ಏನು ಗೊತ್ತಾ? ಎಂಜಿನ್ ಬೇಕಾದಷ್ಟು ಬಿಸಿ ಆಗುತ್ತಿಲ್ಲ! ಕಾಯುತ್ತದೆ ಅಂತ ರಿಪೇರಿ ಮಾಡಿಸಿದ ಗಾಡಿ ಈಗ ಚಳಿ ಅಂತ ಗೋಳಾಡುತ್ತಿತ್ತು. ಬೆಳಿಗ್ಗೆ ಶಾಲೆಗೆ ಹೋಗುವಾಗ ಮುಳ್ಳು ತಳ ಬಿಟ್ಟು ಏಳುತ್ತಲೇ ಇರಲಿಲ್ಲ. ಎಂಜಿನ್ ತಣ್ಣಗಿದೆ ಅಂತ ಕಂಪ್ಯೂಟರ್ ತಿಳಿದುಕೊಂಡರೆ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಲೀಟರಿಗೆ 17 ಕೊಡುತ್ತಿದ್ದ ಗಾಡಿ 13ಕ್ಕೆ ಇಳಿದಿತ್ತು.

ಏಪ್ರಿಲ್ ಮೊದಲ ವಾರ, ಅಣ್ಣಿಗೇರಿಗೆ ಅವ್ವನನ್ನು ನೋಡಲು ಹೊರಟೆ. ನಲವಡಿ ದಾಟುತ್ತಿದ್ದಂತೆ ಮುಳ್ಳು ಮತ್ತೆ ಕೆಂಪಿಗೆ. ಥರ್ಮೋಸ್ಟಾಟ್ ಇಲ್ಲ, ಫ್ಯಾನ್ ಸದಾ ತಿರುಗುತ್ತದೆ, ಆದರೂ ಕೆಂಪು. ಅದೇ ಗ್ಯಾರೇಜಿಗೆ ಫೋನ್ ಮಾಡಿದೆ. "ಹಂಗಾರ ಹೆಡ್ ಗ್ಯಾಸ್ಕೆಟ್ ಹೋಗೇತ್ರಿ. ಹೆಡ್ ಬಿಚ್ಚಬೇಕು. ಇಪ್ಪತ್ತು ಸಾವಿರ ಹಿಡೀರಿ." ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂತು, ನೀರು, ಆಯಿಲ್, ಸಿಲಿಂಡರಿನ ಹೊಗೆ ಒಂದಕ್ಕೊಂದು ಬೆರೆಯದ ಹಾಗೆ ತಡೆಯುವ ತೆಳು ಹಾಳೆ ಅದು. ಅವನು ಗಾಡಿ ನೋಡಿಯೇ ಇರಲಿಲ್ಲ!

ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಹಳೇ ಹುಬ್ಬಳ್ಳಿಯ ಒಬ್ಬ ಚಾಚಾನ ದಾರಿ ತೋರಿಸಿದರು. ಗ್ಯಾರೇಜ್ ಅಂದರೆ ಒಂದು ತಗಡಿನ ಶೆಡ್ಡು, ಒಂದು ಕಟ್ಟೆ, ಒಂದು ಹುಣಸೆ ಮರ. ಚಾಚಾ ಎಲೆ ಅಡಿಕೆ ಹಾಕಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಿದ್ದರು. ಎದ್ದು ಬರಲಿಲ್ಲ. ಬಾನೆಟ್ ತೆಗೆಯಿರಿ ಅನ್ನಲಿಲ್ಲ.

"ಮೊದಲ ಇದನ್ನ ಹೇಳ್ರಿ ಮಾಸ್ತರ. ನಿಂತಾಗ ಕಾಯ್ತೈತೋ, ಓಡುವಾಗ ಕಾಯ್ತೈತೋ?"

"ಓಡುವಾಗ್ರೀ. ಎಂಬತ್ತು ತೊಂಬತ್ತರ ಮ್ಯಾಲ."

"ಚೆನ್ನಮ್ಮ ಸರ್ಕಲ್‌ನಾಗ ಸಿಕ್ಕೊಂಡಾಗ?"

"ಅಲ್ಲಿ ಏನೂ ಆಗೂದಿಲ್ರಿ."

"ಮತ್ತ ಫ್ಯಾನ್ ಯಾಕ ಡೈರೆಕ್ಟ್ ಮಾಡ್ಸಿದ್ರಿ? ನಿಂತಾಗ ಗಾಳಿ ಬೇಕಂತ ಫ್ಯಾನ್ ಇಟ್ಟಾರ. ಓಡೂ ಗಾಡಿಗೆ ಗಾಳಿ ಕೊಡಾಕ ಮ್ಯಾಲಿನಾಂವ ಅದಾನ."

ಎರಡು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನೂ ಕೇಳಿಕೊಂಡಿರಲಿಲ್ಲ. ಗಾಡಿ ನಿಂತಾಗ ಮಾತ್ರ ಕಾದರೆ ಫ್ಯಾನು, ಅದರ ರಿಲೇ, ಫ್ಯೂಸು, ಸೆನ್ಸರ್ ಕಡೆ ನೋಡಬೇಕು. ಓಡುವಾಗ ಗಾಳಿಗೆ ಬರ ಇಲ್ಲ. ಆದರೆ ಆಗ ಎಂಜಿನ್ ಹುಟ್ಟಿಸುವ ಕಾವು ಜಾಸ್ತಿ. ಆ ಕಾವನ್ನು ಹೊತ್ತು ತರುವ ನೀರು ಸಾಲುತ್ತಿಲ್ಲ, ಇಲ್ಲವೇ ತಂದ ಕಾವನ್ನು ರೇಡಿಯೇಟರ್ ಬಿಡುತ್ತಿಲ್ಲ. ಅಂದರೆ ಪಂಪು, ಬೆಲ್ಟು, ಒಳಗೆ ಸೆಳೆದುಕೊಳ್ಳುವ ಕೆಳಗಿನ ಹೋಸ್ ಪೈಪು, ಕಟ್ಟಿಕೊಂಡ ರೇಡಿಯೇಟರ್. ನಿಂತರೂ ಓಡಿದರೂ ಕಾಯುತ್ತದೆ ಅಂದರೆ ನೀರೇ ಕಡಿಮೆ ಇರಬೇಕು, ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿರಬೇಕು, ಅಥವಾ ಹೆಡ್ ಗ್ಯಾಸ್ಕೆಟ್. ಚಾಚಾ ಇದನ್ನೆಲ್ಲ ಒಂದು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಹೇಳಿ ಮುಗಿಸಿದರು. ಗಾಡಿ ರಾತ್ರಿ ಅಲ್ಲೇ ಬಿಡಲು ಹೇಳಿದರು. ಬಿಸಿ ಎಂಜಿನ್ ಅವರು ಮುಟ್ಟುವುದಿಲ್ಲವಂತೆ.

ಮರುದಿನ ರವಿವಾರ. ಏಳಕ್ಕೇ ಹೋದೆ. ಚಾಚಾ ರೇಡಿಯೇಟರ್ ಕ್ಯಾಪ್ ತೆಗೆದು ಒಳಗೆ ಬೆರಳು ಅದ್ದಿದರು. ನೀರು ಕೆಂಪು ಚಹಾದ ಬಣ್ಣ. ಬಾಯಿಯ ಅಂಚಿನಲ್ಲಿ ಬಿಳಿ ಹಕ್ಕಳೆ. ಉಗುರಿನಿಂದ ಕೆರೆದು, ಎರಡು ಬೆರಳಲ್ಲಿ ತಿಕ್ಕಿ, ನನ್ನ ಮೂಗಿನ ಮುಂದೆ ಹಿಡಿದರು.

"ಎಲ್ಲೀ ನೀರು ಹಾಕೀರಿ?"

ಇಲ್ಲಿ ಕ್ಯಾನಿನ ಕಥೆ ಬಂತು. ಅಣ್ಣಿಗೇರಿಯ ನಮ್ಮ ಮನೆಯ ಬೋರ್ ನೀರು. ಮೂರು ವರ್ಷದ ಹಿಂದೆ ಒಮ್ಮೆ ಹೋಸ್ ಪೈಪು ಸೋರಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡಲು ಹಾಕುವ ದ್ರವ, ಎಲ್ಲ ಹೋಗಿತ್ತು. ಪೈಪು ಬದಲಿಸಿ, ಆಗ ಕೈಗೆ ಸಿಕ್ಕ ನೀರು ತುಂಬಿದೆ. ಅಲ್ಲಿಂದ ಅದೇ ಚಾಳಿ. ಊರಿಗೆ ಹೋದಾಗೆಲ್ಲ ಅವ್ವ ಕ್ಯಾನ್ ತುಂಬಿ ಡಿಕ್ಕಿಗೆ ಇಡುತ್ತಾಳೆ, ಕಡಿಮೆ ಆದಾಗೆಲ್ಲ ನಾನು ಹಾಕುತ್ತೇನೆ. ಆ ನೀರು ಎಂಥ ಸವಳು ಅಂದರೆ, ಬಚ್ಚಲಿನ ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಒಂದು ಪದರ ಇದೆ. ಬೇಳೆ ಬೇಯುವುದಿಲ್ಲ ಅಂತ ಅಡಿಗೆಗೆ ಆ ನೀರು ಮುಟ್ಟುವುದಿಲ್ಲ. ಬೇಳೆಗೆ ಬೇಡವಾದ ನೀರನ್ನು ನಾನು ಎಂಜಿನ್ನಿಗೆ ಕುಡಿಸಿದ್ದೆ. ಗಡಸು ನೀರು ಕಾಯಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂಡುತ್ತದೆ ಅಂತ ಬೋರ್ಡಿನ ಮೇಲೆ ಸಮೀಕರಣ ಬರೆದು ಕಲಿಸುವವನು ನಾನೇ. ನಾಚಿಕೆ ಆಯಿತು. ಚಾಚಾ ಮತ್ತೇನೂ ಅನ್ನಲಿಲ್ಲ, ಹಕ್ಕಳೆಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ರೇಡಿಯೇಟರ್ ಮೇಲೆ ಅನುಮಾನ ಬಂದರೂ ಚಾಚಾ ಮೊದಲು ಹೆಡ್ ಗ್ಯಾಸ್ಕೆಟ್ ನೋಡೋಣ ಅಂದರು. ಅದು ಹೋಗಿದ್ದರೆ ಉಳಿದದ್ದಕ್ಕೆ ರೊಕ್ಕ ಹಾಕುವುದು ದಂಡ. ಆಯಿಲ್ ಕಡ್ಡಿ ಎಳೆದು ನೋಡಿದರು. ನೀರು ಬೆರೆತಿದ್ದರೆ ಹಾಲು ಹಾಕಿದ ಕಾಫಿಯ ಹಾಗೆ ಇರಬೇಕಿತ್ತು. ಕಪ್ಪಗೆ, ಸರಿಯಾಗೇ ಇತ್ತು. ಸೈಲೆನ್ಸರಿನಿಂದ ಬಿಳಿ ಹೊಗೆ ಇಲ್ಲ. ಕ್ಯಾಪ್ ತೆಗೆದಿಟ್ಟು ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿಸಿ ಬಾಯಿಯಲ್ಲಿ ಗುಳ್ಳೆ ಬರುತ್ತವಾ ನೋಡಿದರು. ಒಂದೆರಡು ಬಂದವು. ಒಳಗೆ ಸಿಕ್ಕ ಗಾಳಿಯೂ ಇರಬಹುದು, ಗ್ಯಾಸ್ಕೆಟ್ ಒಡೆದು ನುಗ್ಗುವ ಸಿಲಿಂಡರಿನ ಹೊಗೆಯೂ ಇರಬಹುದು. ಇದನ್ನು ಪತ್ತೆ ಹಚ್ಚುವ ನೀಲಿ ದ್ರವ ಇರುತ್ತದೆ, ಹೊಗೆ ತಾಗಿದರೆ ಹಳದಿ ಆಗುತ್ತದೆ. ಚಾಚಾನ ಹತ್ತಿರ ಅದು ಮುಗಿದಿತ್ತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಕಟ್ಟೆಯ ಮೇಲಿನ ಸುಣ್ಣದ ಡಬ್ಬಿ.

"ಚಾಚಾ, ಒಂದ್ ಸ್ವಲ್ಪ ಸುಣ್ಣ ಕೊಡ್ರಿ."

"ಎಲಿ ಹಾಕ್ತೀರೇನು?"

ಎಲೆಗಲ್ಲ. ಸುಣ್ಣವನ್ನು ನೀರಿನ ಬಾಟಲಿಗೆ ಹಾಕಿ ಅಲ್ಲಾಡಿಸಿ ತಣ್ಣಗೆ ಇಟ್ಟೆ. ಅರ್ಧ ತಾಸಿಗೆ ಸುಣ್ಣ ತಳ ಹಿಡಿಯಿತು, ಮೇಲೆ ತಿಳಿ ನಿಂತಿತು. ಆ ತಿಳಿಯನ್ನು ಎರಡು ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡೆ. ಇಂಗಾಲದ ಡೈಆಕ್ಸೈಡ್ ತಾಗಿದರೆ ಸುಣ್ಣದ ತಿಳಿ ಹಾಲಾಗುತ್ತದೆ. ಏಳನೇ ಇಯತ್ತೆಯ ಹುಡುಗನೂ ಹೇಳುತ್ತಾನೆ. ಸುಟ್ಟ ಪೆಟ್ರೋಲಿನ ಹೊಗೆಯಲ್ಲಿ ಅದು ಬೇಕಾದಷ್ಟಿರುತ್ತದೆ. ಮೊದಲು ತಿಳಿ ಸರಿ ಇದೆಯಾ ಅಂತ ಖಾತ್ರಿ ಆಗಬೇಕಲ್ಲ? ಚಾಚಾನ ಶಿಷ್ಯ ಹುಡುಗ ಸಲೈನ್ ಪೈಪಿನ ಒಂದು ತುಂಡು ತಂದ. ಅದರ ಒಂದು ತುದಿ ಸೈಲೆನ್ಸರ್ ಬಾಯಿಗೆ, ಇನ್ನೊಂದು ತುದಿ ಮೊದಲನೇ ಲೋಟಕ್ಕೆ. ಸೈಲೆನ್ಸರಿಗೆ ಅರಿವೆ ಸುತ್ತಿ ಎಂಜಿನ್ ಶುರು ಮಾಡಿದರೆ ಗುಳುಗುಳು ಅಂತ ಐದಾರು ಗುಳ್ಳೆ. ಲೋಟ ಬೆಳ್ಳಗಾಯಿತು. ಹುಡುಗ "ಯಪ್ಪಾ!" ಅಂದ.

ಈಗ ರೇಡಿಯೇಟರ್. ನೀರನ್ನು ಒಂದು ಇಂಚು ಇಳಿಸಿ, ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ಬಿಗಿದು, ನಡುವೆ ಪೈಪು ತೂರಿಸಿ, ಎರಡನೇ ಲೋಟಕ್ಕೆ ಬಿಟ್ಟೆವು. ಎಂಜಿನ್ ನಾಲ್ಕು ನಿಮಿಷ ಓಡಿತು. ಗುಳ್ಳೆ ಬಂದವು, ನಿಂತವು, ಮತ್ತೆ ಎರಡು ಬಂದವು. ಲೋಟ ತಿಳಿಯಾಗೇ ಇತ್ತು. ಚಾಚಾ ಲೋಟವನ್ನು ಬಿಸಿಲಿಗೆ ಹಿಡಿದು ಈ ಕಡೆ ಆ ಕಡೆ ತಿರುವಿ ನೋಡಿದರು. "ಐವತ್ತು ವರ್ಷ ಸುಣ್ಣ ತಿಂದೆ, ಇದು ಗೊತ್ತಿರಲಿಲ್ಲ ನೋಡ್ರಿ" ಅಂದರು. ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಇದೊಂದರಿಂದಲೇ ಗ್ಯಾಸ್ಕೆಟ್ ಸರಿ ಇದೆ ಅಂತ ತೀರ್ಮಾನಿಸಬಾರದು, ನಾನೂ ತೀರ್ಮಾನಿಸಲಿಲ್ಲ. ಕಡ್ಡಿ, ಹೊಗೆ, ಲೋಟ ಮೂರೂ ಒಂದೇ ಮಾತು ಹೇಳಿದ್ದರಿಂದ ಇಪ್ಪತ್ತು ಸಾವಿರದ ಭಯ ಬಿಟ್ಟಿತು.

ಪಂಪಿನ ಪುಲಿ ಹಿಡಿದು ಅಲ್ಲಾಡಿಸಿದರು, ಅಲುಗಲಿಲ್ಲ. ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಹೋದರೆ ಅಲ್ಲಿಂದ ನೀರು ಜಿನುಗುತ್ತದೆ. ಒಣಗಿತ್ತು. ಬೆಲ್ಟ್ ಬಿಗಿ ಇತ್ತು. ರೇಸ್ ಕೊಟ್ಟಾಗ ರೇಡಿಯೇಟರ್ ಬಾಯಿಯಲ್ಲಿ ನೀರು ಸುತ್ತುವುದು ಕಾಣುತ್ತಿತ್ತು. ಪಂಪು ಪಾಸು.

ಆಮೇಲೆ ಹುಡುಗ ಒಂದು ಟೆಂಪರೇಚರ್ ಗನ್ ತಂದ. ಕರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದರ ಅಣ್ಣ. ಕ್ಯಾಪ್ ಹಾಕಿ ಎಂಜಿನ್ ಹದಿನೈದು ನಿಮಿಷ ರೇಸಿನಲ್ಲಿ ಇಟ್ಟೆವು. ಮೇಲಿನ ಹೋಸ್ ಪೈಪು 93. ರೇಡಿಯೇಟರಿನ ಮೇಲಿನ ಎಡ ಭಾಗ 88. ನಡುವೆ 71. ಬಲಗಡೆಯ ಕೆಳಮೂಲೆ 46. ಹೊಳೆಯುವ ಲೋಹದ ಮೇಲೆ ಈ ಗನ್ ಸುಳ್ಳು ಹೇಳುತ್ತದೆ, ಅದಕ್ಕೇ ನಾನು ಅಲ್ಲಲ್ಲಿ ಕರಿ ಟೇಪ್ ಅಂಟಿಸಿ ಮತ್ತೊಮ್ಮೆ ಹಿಡಿದೆ. ಒಂದೆರಡು ಡಿಗ್ರಿ ಹೆಚ್ಚು ಕಡಿಮೆ, ಅಷ್ಟೇ. ಕೆಳಗೆ ಹೋದಂತೆ ತಣ್ಣಗಾಗುವುದು ಸರಿ, ಆದರೆ ಹಿಂಗೆ ಒಂದು ಮೂಲೆಯೇ ತಣ್ಣಗಿದ್ದರೆ ಅಲ್ಲಿಗೆ ಬಿಸಿನೀರು ಹೋಗುತ್ತಲೇ ಇಲ್ಲ ಅಂತ ಅರ್ಥ. ಚಾಚಾ ಅಂಗೈಯನ್ನು ಆ ಮೂಲೆಯ ಹತ್ತಿರ ಹಿಡಿದು, "ಈ ಕಡೆ ಮೂರನೇ ಒಂದ್ ಪಾಲು ಸತ್ತೈತಿ" ಅಂದರು. ಅವರಿಗೆ ಗನ್ ಬೇಕಾಗಿರಲಿಲ್ಲ ಅನ್ನಿಸಿತು.

ಬಂಪರ್ ಬಿಚ್ಚಿ ರೇಡಿಯೇಟರ್ ಹೊರಗೆ ತೆಗೆದಾಗ ಇನ್ನೊಂದು ಸಂಗತಿ ಕಂಡಿತು. ಏಸಿಯ ಕಂಡೆನ್ಸರ್ ಮುಂದೆ, ರೇಡಿಯೇಟರ್ ಅದರ ಬೆನ್ನಿಗೆ. ನಡುವೆ ಎರಡು ಬೆರಳು ಸಂದಿ. ಹೊರಗಿನಿಂದ ಕಾಣುವುದಿಲ್ಲ, ಗಾಡಿ ತೊಳೆಯುವವರ ಪೈಪಿಗೂ ನಿಲುಕುವುದಿಲ್ಲ. ಆ ಸಂದಿಯಲ್ಲಿ ಒಂದು ಗಾದಿಯೇ ಇತ್ತು. ಹತ್ತಿಯ ಎಳೆ, ಎರೆಮಣ್ಣಿನ ಧೂಳು, ಹುಳದ ರೆಕ್ಕೆ, ಒಣ ಎಲೆ ಎಲ್ಲ ಸೇರಿ ಕಂಬಳಿಯ ಹಾಗೆ ಹೆಣೆದುಕೊಂಡಿದ್ದವು. ಗದಗ ರಸ್ತೆಯಲ್ಲಿ ಹತ್ತಿ ಗಾಡಿಗಳ ಹಿಂದೆ ವರ್ಷಗಟ್ಟಲೆ ಓಡಾಡಿದ ಫಲ. ಹುಡುಗ ಒಂದು ಅಂಚು ಹಿಡಿದು ಎಳೆದರೆ ಅಂಗೈ ಅಗಲದ ತುಂಡು ಹಾಗೇ ಸುಲಿದು ಬಂತು. ಒಂದು ಬದಿಗೆ ರೇಡಿಯೇಟರಿನ ಗೆರೆಗಳ ಅಚ್ಚು ಬಿದ್ದಿತ್ತು.

ಒಳಗೆ ಸವಳು, ಹೊರಗೆ ಹತ್ತಿ. ಪಾಪ, ಅದಾದರೂ ಏನು ಮಾಡಬೇಕು?

ಆಸಿಡ್ ಹಾಕಿ ತೊಳೆಯೋಣವೇ ಅಂತ ಕೇಳಿದೆ. ಚಾಚಾ ಬೇಡ ಅಂದರು. ಹಿಂದಿನ ಗಾಡಿಗಳ ರೇಡಿಯೇಟರ್ ತಾಮ್ರ ಹಿತ್ತಾಳೆಯವು. ಮೇಲಿನ ತೊಟ್ಟಿಯ ಬೆಸುಗೆ ಬಿಚ್ಚಿ, ಒಂದೊಂದು ಕೊಳವೆಗೂ ಕಡ್ಡಿ ತೂರಿಸಿ ಕೆರೆದು, ಮತ್ತೆ ಬೆಸುಗೆ ಹಾಕುತ್ತಿದ್ದರಂತೆ. ಈಗಿನದು ಅಲ್ಯೂಮಿನಿಯಂ ಕೊಳವೆ, ಪ್ಲಾಸ್ಟಿಕ್ ತೊಟ್ಟಿ, ನಡುವೆ ರಬ್ಬರ್ ಇಟ್ಟು ಮಡಚಿ ಒತ್ತಿದ್ದು. ಬಿಚ್ಚಿದರೆ ಮತ್ತೆ ನೀರು ಹಿಡಿಯುವ ಗ್ಯಾರಂಟಿ ಇಲ್ಲ. ಆಸಿಡ್ ಹಾಕಿದರೆ ಹಕ್ಕಳೆಯ ಜೊತೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಒಂದು ಬಕೆಟ್ ನೀರು ಎತ್ತಿ ಮೇಲಿನ ಬಾಯಿಗೆ ಸುರಿದು ತೋರಿಸಿದರು. ಕೆಳಗಿನ ಬಾಯಿಯಿಂದ ದಬದಬ ಬರಬೇಕಾದ ನೀರು ಸಣ್ಣ ಧಾರೆಯಾಗಿ ಇಳಿಯುತ್ತಿತ್ತು. ಇನ್ನು ಮಾತಿಲ್ಲ, ಹೊಸದೇ ಆಗಬೇಕು.

ಪಿ.ಬಿ. ರಸ್ತೆಯ ಅಂಗಡಿಯಿಂದ ಸೋಮವಾರ ಸಂಜೆ ಸಾಮಾನು ತಂದೆ. ರೇಡಿಯೇಟರ್ 3,800. ಥರ್ಮೋಸ್ಟಾಟ್ 640. ಎರಡು ಹೋಸ್ ಪೈಪು, ಕ್ಲಿಪ್ಪು ಸೇರಿ 720. ಕೂಲಂಟ್ ಎರಡು ಲೀಟರ್, ಡಿಸ್ಟಿಲ್ಡ್ ವಾಟರ್ ಐದು ಲೀಟರಿನ ಕ್ಯಾನ್. ಅಂಗಡಿಯವರು ಹೊಸ ಕ್ಯಾಪ್ ಕೂಡ ತೆಗೆದಿಟ್ಟಿದ್ದರು, 210 ರೂಪಾಯಿ. ಹಳೇದು ಚೆನ್ನಾಗೇ ಇದೆಯಲ್ಲ ಅಂತ ವಾಪಸ್ ಕೊಟ್ಟೆ. ಇಲ್ಲಿ ಒಂದು ಗುರುತು ಹಾಕಿಕೊಳ್ಳಿ.

ಥರ್ಮೋಸ್ಟಾಟನ್ನು ಅವತ್ತು ರಾತ್ರಿ ಮನೆಗೆ ಒಯ್ದೆ. ಹೊಸ ಸಾಮಾನೂ ಕೆಟ್ಟದ್ದು ಇರಬಹುದು, ಹಾಕುವ ಮೊದಲು ನೋಡಿಕೊಳ್ಳುವುದು ಒಳ್ಳೆಯದು ಅಂತ ಚಾಚಾ ಹೇಳಿದ್ದರು. ಹೆಂಡತಿಯ ಕಣ್ಣು ತಪ್ಪಿಸಿ ಚಹಾದ ಪಾತ್ರೆಯಲ್ಲಿ ನೀರಿಟ್ಟೆ. ದಾರ ಕಟ್ಟಿ ಥರ್ಮೋಸ್ಟಾಟನ್ನು ತಳಕ್ಕೆ ತಾಗದ ಹಾಗೆ ತೂಗುಬಿಟ್ಟೆ. ಪಕ್ಕದಲ್ಲಿ ಶಾಲೆಯ ಲ್ಯಾಬಿನ ಥರ್ಮಾಮೀಟರ್. ಅಂಚಿನ ಮೇಲೆ 82 ಅಂತ ಒತ್ತಿತ್ತು. ಒಳಗೆ ಒಂದು ಪುಟ್ಟ ಹಿತ್ತಾಳೆ ಬುರುಡೆ, ಅದರಲ್ಲಿ ಮೇಣ. ಮೇಣ ಕರಗಿದರೆ ಹಿಗ್ಗಿ ಕಡ್ಡಿ ತಳ್ಳುತ್ತದೆ, ಕಡ್ಡಿ ಬಾಗಿಲು ತೆರೆಯುತ್ತದೆ. ಕರೆಂಟಿಲ್ಲ, ಸೆನ್ಸರಿಲ್ಲ. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ಏನೂ ಇಲ್ಲ. ಎಂಬತ್ತೆರಡು ದಾಟಿ ಕೂದಲೆಳೆಯಷ್ಟು ಸಂದಿ ಬಿತ್ತು. ತೊಂಬತ್ತಕ್ಕೆ ಬೆರಳಿನ ಉಗುರು ಹೋಗುವಷ್ಟು. ತೊಂಬತ್ತೈದಕ್ಕೆ ಕಪ್ಪೆ ಬಾಯಿ ತೆರೆದ ಹಾಗೆ ಪೂರಾ ತೆರೆದುಕೊಂಡಿತು. ನೀರು 98ಕ್ಕೇ ಕುದಿಯಿತು. ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರ ಇದೆಯಲ್ಲ, ನಮ್ಮಲ್ಲಿ ನೀರು ನೂರು ಮುಟ್ಟುವುದಿಲ್ಲ. ಗ್ಯಾಸ್ ಆರಿಸಿದೆ. ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತ ಬಂತು. ಹೆಂಡತಿ ಯಾವಾಗ ಬಂದು ಹಿಂದೆ ನಿಂತಿದ್ದಳೋ, "ಆ ಬೋಗಾಣಿ ಇನ್ನ ನೀವ ಇಟ್ಕೋರಿ" ಅಂದಳು.

ಇಂಥ ಸಾಮಾನನ್ನು "ನಮ್ಮ ಬಿಸಿಲಿಗೆ ಬೇಡ" ಅಂತ ಬಿಸಾಕುತ್ತಾರೆ! ಬಿಸಿಲು 40 ಇದ್ದರೂ ಎಂಜಿನ್ನಿಗೆ ಬೇಕಾದದ್ದು 90ರ ಆಸುಪಾಸು. ಅಲ್ಲಿಗೆ ಬೇಗ ಮುಟ್ಟಿಸಿ ಅಲ್ಲೇ ನಿಲ್ಲಿಸುವುದು ಇದರ ಕೆಲಸ.

ಮಂಗಳವಾರ ಶಾಲೆಗೆ ರಜೆ ಹಾಕಿ ಕೂತೆ. ಮೊದಲು ಎಂಜಿನ್ ಒಳಗೆ ಪೈಪಿನಿಂದ ನೀರು ಹಾಯಿಸಿದರು, ಹರಿಯುವ ದಿಕ್ಕಿಗೆ ಉಲ್ಟಾ. ಕೆಂಪು, ಕಂದು, ಆಮೇಲೆ ಅರಿಶಿಣ ಬಣ್ಣ, ಕೊನೆಗೆ ತಿಳಿ. ಎರಡು ಸಲ ಡಿಸ್ಟಿಲ್ಡ್ ವಾಟರ್‌ನಿಂದ ಜಾಲಾಡಿಸಿದರು. ಥರ್ಮೋಸ್ಟಾಟ್ ಕೂಡಿಸುವಾಗ ಅದರ ಅಂಚಿನಲ್ಲಿರುವ ಸಣ್ಣ ಪಿನ್ನು ಮೇಲೆ ಬರುವ ಹಾಗೆ ತಿರುಗಿಸಿದರು, ಸಿಕ್ಕ ಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕು. ಫ್ಯಾನಿನ ಡೈರೆಕ್ಟ್ ವಯರ್ ಕಿತ್ತು ಮೊದಲಿನ ಹಾಗೆ ರಿಲೇಗೆ ಜೋಡಿಸಿದರು. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ತುಂಬುವುದೇ ದೊಡ್ಡ ಕೆಲಸ. ಸುರಿದು ಮುಚ್ಚಿದರೆ ಒಳಗೆ ಗಾಳಿ ಕಟ್ಟಿಕೊಳ್ಳುತ್ತದೆ, ಗಾಳಿ ಇದ್ದಲ್ಲಿ ನೀರಿಲ್ಲ, ನೀರಿಲ್ಲದಲ್ಲಿ ಹೆಡ್ ಸುಡುತ್ತದೆ. ಗಾಡಿಯ ಮುಂದಿನ ಗಾಲಿಗಳನ್ನು ಎರಡು ದಪ್ಪ ಹಲಗೆಯ ಮೇಲೆ ಹತ್ತಿಸಿದರು, ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಮೇಲೆ ಬರಲಿ ಅಂತ. ಕ್ಯಾಪ್ ತೆಗೆದಿಟ್ಟು, ಹೀಟರ್ ಫುಲ್ ಹಾಕಿ ಎಂಜಿನ್ ಬಿಟ್ಟರು. ಹುಡುಗ ಹೋಸ್ ಪೈಪನ್ನು ಎಮ್ಮೆ ಹಾಲು ಕರೆದಂತೆ ಹಿಚುಕುತ್ತ ಕೂತ. ಬುಳಕ್ ಅಂತ ಗುಳ್ಳೆ ಬಂದು ಮಟ್ಟ ಇಳಿದಾಗ ಚಾಚಾ ಮತ್ತಿಷ್ಟು ಸುರಿಯುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಥರ್ಮೋಸ್ಟಾಟ್ ತೆರೆದುಕೊಂಡಿತು, ಮಟ್ಟ ಒಮ್ಮೆಲೇ ಮೂರು ಬೆರಳು ಇಳಿಯಿತು. ತುಂಬಿದರು. ಫ್ಯಾನ್ ತಾನಾಗಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಎರಡನೇ ಸಲ ನಿಂತ ಮೇಲೆ ಕ್ಯಾಪ್ ಹಾಕಿದರು. ಕೆಳಗೆ ಚೆಲ್ಲಿದ್ದ ಕೂಲಂಟನ್ನು ಹುಡುಗ ನೀರು ಹಾಕಿ ಚೆನ್ನಾಗಿ ತೊಳೆದ. ಅದು ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಪರೀಕ್ಷೆಗೆ ಗಬ್ಬೂರಿನಿಂದ ನರೇಂದ್ರದ ತನಕ ಬೈಪಾಸ್ ಹಿಡಿದೆವು. ಏಸಿ ಫುಲ್, ನಾಲ್ಕು ಜನ, ಧಾರವಾಡದ ಕಡೆಯ ಏರು, ಮಧ್ಯಾಹ್ನ ಮೂರು ಗಂಟೆ. ಮುಳ್ಳು ಅರ್ಧಕ್ಕಿಂತ ಒಂದು ಕೂದಲು ಕೆಳಗೆ ಬಂದು ನಿಂತಿತು. ಚಾಚಾ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು.

ನಾಲ್ಕು ದಿನ ಎಲ್ಲ ಸುಖ. ಐದನೇ ದಿನ ಬೆಳಿಗ್ಗೆ ಬಾನೆಟ್ ಎತ್ತಿದರೆ ಮೇಲಿನ ಹೊಸ ಹೋಸ್ ಪೈಪು ಚಪ್ಪಟೆ. ಯಾರೋ ಕಾಲಿಟ್ಟು ತುಳಿದಂತೆ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ಅಂಚಿನ ತನಕ ತುಂಬಿದೆ. ಎದೆ ಧಸಕ್ ಅಂತು. ಫೋಟೊ ತೆಗೆದು ಹುಡುಗನ ಮೊಬೈಲಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಚಾಚಾನ ಫೋನು.

"ಕ್ಯಾಪ್ ಹೊಸಾದು ಹಾಕೀರಿಲ್ಲೋ?"

"ಇಲ್ರಿ ಚಾಚಾ. ಹಳೇದು ಚಲೋನ ಇತ್ತಲ್ಲ..."

"ಎಷ್ಟ್ ಉಳಿಸಿದ್ರಿ?"

"ಇನ್ನೂರಾ ಹತ್ತು."

ಚಾಚಾ ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. ಕ್ಯಾಪಿನಲ್ಲಿ ಎರಡು ಬಾಗಿಲು ಇರುತ್ತವೆ. ದೊಡ್ಡದು ಒತ್ತಡ ಹೆಚ್ಚಾದಾಗ ನೀರನ್ನು ಡಬ್ಬಿಗೆ ಬಿಡುತ್ತದೆ. ನಡುವಿನ ಚಿಕ್ಕದು, ಎಂಜಿನ್ ತಣ್ಣಗಾದಾಗ ಅದೇ ನೀರನ್ನು ಡಬ್ಬಿಯಿಂದ ವಾಪಸ್ ಎಳೆದುಕೊಳ್ಳಬೇಕು. ನನ್ನ ಹಳೇ ಕ್ಯಾಪಿನ ಚಿಕ್ಕ ಬಾಗಿಲಿಗೂ ಬಿಳಿ ಹಕ್ಕಳೆ ಕಟ್ಟಿ ಅದು ಅಂಟಿಕೊಂಡಿತ್ತು. ನೀರು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಒಳಗೆ ಖಾಲಿಯಾಗಿ ಪೈಪನ್ನೇ ಸೆಳೆದುಕೊಂಡಿತ್ತು. ಮೂರು ವರ್ಷ ನೀರು ಯಾಕೆ ಮೇಲಿಂದ ಮೇಲೆ ಕಡಿಮೆ ಆಗುತ್ತಿತ್ತು ಅನ್ನುವುದಕ್ಕೂ ಉತ್ತರ ಅಲ್ಲೇ ಸಿಕ್ಕಿತು. ಅವತ್ತೇ ಹೋಗಿ ಕ್ಯಾಪ್ ತಂದೆ. ಅಂಗಡಿಯವರು ಏನೂ ಕೇಳಲಿಲ್ಲ, ಒಳಗಿನಿಂದ ಅದೇ ಕ್ಯಾಪ್ ತಂದು ಕೊಟ್ಟರು.

ಹಳೇ ರೇಡಿಯೇಟರಿನ ಒಂದು ತುಂಡನ್ನು ಹುಡುಗ ಗರಗಸದಿಂದ ಕೊಯ್ದು ಕೊಟ್ಟಿದ್ದ. ಚಪ್ಪಟೆ ಕೊಳವೆಗಳ ಸಾಲು, ಅರ್ಧಕ್ಕರ್ಧ ಬಿಳಿ ಕಂದು ಬಣ್ಣದ ಕಲ್ಲಿನಿಂದ ಮುಚ್ಚಿಹೋಗಿವೆ. ಅದೀಗ ನಮ್ಮ ಲ್ಯಾಬಿನ ಕಪಾಟಿನಲ್ಲಿದೆ. ಜೂನ್‌ನಲ್ಲಿ ಗಡಸು ನೀರಿನ ಪಾಠಕ್ಕೆ ಅದರ ಮೇಲೆ ಎರಡು ಹನಿ ಆಸಿಡ್ ಬಿಟ್ಟು ಬುಸುಬುಸು ನೊರೆ ತೋರಿಸಿದೆ. ಇದು ಯಾರ ಗಾಡಿದು ಸರ್ ಅಂತ ಒಬ್ಬ ಕೇಳಿದ. ಪಾಠ ಮುಂದುವರಿಸಿದೆ.

ಮೇ ತಿಂಗಳಲ್ಲೇ ಅಣ್ಣಿಗೇರಿಗೆ ಹೋಗಿ ಬಂದಿದ್ದೆ. ಅವ್ವನ ಬಾಗಿಲಲ್ಲಿ ಗಾಡಿ ನಿಲ್ಲಿಸಿದಾಗ ಫ್ಯಾನ್ ತಿರುಗುತ್ತಿತ್ತು. "ಇನ್ನೂ ಸಿಟ್ ಇಳದಿಲ್ಲೇನ್ ಅದಕ್ಕ?" ಅಂದಳು. ಅರ್ಧ ನಿಮಿಷಕ್ಕೆ ಫ್ಯಾನ್ ನಿಂತಿತು, ಎಂಜಿನ್ ಆರಿಸಿದೆ. ಹೊರಡುವಾಗ ನೋಡಿದರೆ ಅವ್ವ ಕ್ಯಾನ್ ತುಂಬಿಕೊಂಡು ಡಿಕ್ಕಿಯ ಹತ್ತಿರ ನಿಂತಿದ್ದಾಳೆ.

"ಬ್ಯಾಡ ಅವ್ವಾ. ಈ ನೀರು ಇನ್ನ ಅದಕ್ಕ ಹಾಕೂದಿಲ್ಲ."

"ಯಾಕ? ಇಷ್ಟ್ ದಿನಾ ಕುಡೀತಿತ್ತಲ್ಲ."

ಏನು ಹೇಳಲಿ? ಹಂಡೆ ತೋರಿಸಿದೆ, ಅದರೊಳಗಿನ ಬಿಳಿ ತೋರಿಸಿದೆ. ಹಂಡೆಯನ್ನು ನೋಡಿದಳು, ಗಾಡಿಯನ್ನು ನೋಡಿದಳು. ಆಮೇಲೆ ಕ್ಯಾನ್ ಎತ್ತಿಕೊಂಡು ಹೋಗಿ ಅಷ್ಟೂ ನೀರನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದು, ಖಾಲಿ ಕ್ಯಾನ್ ತಂದು ಡಿಕ್ಕಿಯಲ್ಲಿಟ್ಟಳು.